ರಾಣಿಸರದ ಕೋಡಿ: ಜೋಧಪುರದಲ್ಲಿ ನಾಲ್ಕು ದಿನ

ಯಾವ ಊರಿಗೆ ಹೋದರೂ ನಮ್ಮ ದೊಡ್ಡಪ್ಪ ಮೊದಲು ಕೇಳುವ ಪ್ರಶ್ನೆ ಒಂದೇ. "ಇಲ್ಲಿ ನೀರು ಎಲ್ಲಿಂದ ಬರುತ್ತೆ?" ಸಣ್ಣ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು. ಚಿತ್ರದುರ್ಗ ಜಿಲ್ಲೆಯ ಕೆರೆ ಏರಿಗಳ ಮೇಲೆ ಮೂವತ್ತು ವರ್ಷ ನಡೆದಿದ್ದಾರೆ. ಜೋಧಪುರಕ್ಕೆ ಹೋಗೋಣ ಬನ್ನಿ ಅಂದಾಗಲೂ ಅದನ್ನೇ ಕೇಳಿದರು. ಅಲ್ಲಿ ವರ್ಷಕ್ಕೆ ಸುಮಾರು 35 ಸೆಂಟಿಮೀಟರ್ ಮಳೆ, ಹತ್ತಿರದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಆದರೂ 1459ರಿಂದ ಅಲ್ಲೊಂದು ರಾಜಧಾನಿ ಇತ್ತು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಟಿಕೆಟ್ ಮಾಡಿಸು" ಅಂದರು.

ದೀಪಾವಳಿ ಮುಗಿದ ಮೇಲೆ ದಾವಣಗೆರೆಯಲ್ಲಿ ಜೋಧಪುರ ಎಕ್ಸ್‌ಪ್ರೆಸ್ ಹತ್ತಿದೆವು. ಬೋಗಿಯಲ್ಲಿ ಅರ್ಧಕ್ಕರ್ಧ ಮದುವೆಗೆಂದು ಊರಿಗೆ ಹೊರಟ ಮಾರವಾಡಿ ಸಂಸಾರಗಳು. ಎದುರಿಗೆ ಕೂತಿದ್ದ ಅಮ್ಮನವರ ಊರು ಜಾಲೋರ್ ಕಡೆ, ಅಂಗಡಿ ಹುಬ್ಬಳ್ಳಿಯಲ್ಲಿ. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು. ನಮ್ಮ ಪೇಟೆ ಬೀದಿಗಳಲ್ಲಿ ಪಾತ್ರೆ, ಬಟ್ಟೆ, ಗಿರವಿ ಅಂಗಡಿ ಇಟ್ಟವರನ್ನೆಲ್ಲ ನಾವು ಒಟ್ಟಾಗಿ ಮಾರವಾಡಿ ಅಂದುಬಿಡುತ್ತೇವೆ. ಆ ಹೆಸರು ಒಂದು ರಾಜ್ಯದ್ದು ಅನ್ನುವುದು ಮರೆತೇ ಹೋಗಿದೆ. ಮಾರವಾಡ ಅಂದರೆ ಜೋಧಪುರ ಸಂಸ್ಥಾನ. ರಾಜಪುತಾನದ ಸಂಸ್ಥಾನಗಳಲ್ಲೆಲ್ಲ ವಿಸ್ತೀರ್ಣದಲ್ಲಿ ದೊಡ್ಡದು. ಜಾಲೋರ್, ಪಾಲಿ, ನಾಗೌರ್, ಬಾಡಮೇರ್ ಎಲ್ಲ ಅದರೊಳಗೇ ಇದ್ದವು.

ಮೊದಲ ದಿನ

ಎರಡು ರಾತ್ರಿ ಕಳೆದು ಬೆಳಕು ಹರಿದಾಗ ಕಿಟಕಿಯ ಹೊರಗೆ ಬೇರೆಯೇ ನೆಲ. ಕುರುಚಲು ಗಿಡ, ಮರಳು, ನಡುನಡುವೆ ಸಜ್ಜೆ ಕೊಯ್ದ ಹೊಲ. ಮಧ್ಯಾಹ್ನದ ಮೇಲೆ ಲೂಣಿ ಜಂಕ್ಷನ್ ಬಂತು. ಇಲ್ಲಿಯ ನದಿಯ ಹೆಸರು ಕೂಡ ಲೂಣಿ. ಲವಣ ಅನ್ನುವ ಮಾತಿನಿಂದ ಬಂದದ್ದು. ಅಜ್ಮೀರದ ಹತ್ತಿರ ಅರಾವಳಿಯಲ್ಲಿ ಹುಟ್ಟಿ ಕಚ್ಛದ ರಣಕ್ಕೆ ಹೋಗಿ ಇಂಗುತ್ತದೆ. ಸಮುದ್ರ ಮುಟ್ಟುವುದಿಲ್ಲ. ಬಾಲೋತ್ರಾ ದಾಟಿದ ಮೇಲೆ ಅದರ ನೀರು ಉಪ್ಪು. ಮಾರವಾಡಕ್ಕೆ ಇದ್ದ ದೊಡ್ಡ ನದಿ ಇದೊಂದೇ, ಅದೂ ಮಳೆಗಾಲದ ನದಿ. ದೊಡ್ಡಪ್ಪ ಜೇಬಿನ ಡೈರಿ ತೆಗೆದು "ಲೂಣಿ, ಉಪ್ಪು" ಅಂತ ಬರೆದುಕೊಂಡರು.

ಹಳೆ ಊರಿನ ನವಚೌಕಿಯಾ ಓಣಿಯಲ್ಲಿ ಒಂದು ಮನೆಯ ಮೇಲ್ಮಹಡಿಯ ಕೋಣೆ ಹಿಡಿದಿದ್ದೆವು. ಆಟೋ ಓಣಿಯ ಬಾಯಲ್ಲೇ ನಿಂತಿತು. ಮುಂದಕ್ಕೆ ನಡಿಗೆ. ಎರಡೂ ಕಡೆ ನೀಲಿ ಗೋಡೆ. ನಮ್ಮ ಕಡೆ ಸುಣ್ಣಕ್ಕೆ ಬಟ್ಟೆನೀಲಿ ಹಾಕಿ ಬಳಿಯುತ್ತಾರಲ್ವಾ, ಅದನ್ನೇ ಇನ್ನಷ್ಟು ಗಾಢ ಮಾಡಿದ ಹಾಗೆ. ಇದು ಬ್ರಾಹ್ಮಣರ ಕೇರಿಯ ಗುರುತು ಅನ್ನುವವರಿದ್ದಾರೆ. ಸುಣ್ಣಕ್ಕೆ ಮೈಲುತುತ್ತ ಸೇರಿಸಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ ಅನ್ನುವವರೂ ಇದ್ದಾರೆ. ಮನೆಯ ಯಜಮಾನರು ಹೇಳಿದ್ದು ಇನ್ನೂ ಸರಳ: "ಬೇಸಿಗೆಯಲ್ಲಿ ಕಣ್ಣಿಗೆ ತಂಪು."

ಆ ಮನೆಯ ಅಂಗಳದ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲು. ನಡುವೆ ಕೊಡ ಇಳಿಯುವಷ್ಟು ದುಂಡನೆಯ ತೂತು, ಮೇಲೆ ಮುಚ್ಚಳ. ಆ ತೂತಿನ ಅಂಚಿನಲ್ಲಿ ಆಳವಾದ ಗೀರುಗಳು. ದೊಡ್ಡಪ್ಪ ಕೂತು ಗೀರಿನೊಳಗೆ ಬೆರಳಿಟ್ಟು ನೋಡಿದರು. ಹಗ್ಗ ಉಜ್ಜಿ ಉಜ್ಜಿ ಕಲ್ಲು ಸವೆದಿದೆ. ಕಿರುಬೆರಳು ಪೂರ್ತಿ ಮುಳುಗುವಷ್ಟು! ಅದು ಟಾಂಕಾ. ಮಾಳಿಗೆಯ ಮೇಲೆ ಬಿದ್ದ ಮಳೆ ಕೊಳವೆಯಲ್ಲಿ ಇಳಿದು ನೆಲದಡಿಯ ತೊಟ್ಟಿಗೆ ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಗುಡಿಸಿ ತೊಳೆಯುತ್ತಾರೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟುಬಿಡುತ್ತಾರೆ. ಆಮೇಲಿನದ್ದು ಕುಡಿಯಲು. ನಲ್ಲಿ ಬಂದ ಮೇಲೂ ಈ ಮನೆಯವರು ಅದನ್ನು ಮುಚ್ಚಿಸಿಲ್ಲ. ಬೇಳೆ ಬೇಯಿಸಲು ಈಗಲೂ ಅದೇ ನೀರಂತೆ.

ಸಂಜೆ ಘಂಟಾಘರ್ ಕಡೆ ಹೋದೆವು. ಮಹಾರಾಜ ಸರ್ದಾರ್ ಸಿಂಗ್ ಕಾಲದ ಗಡಿಯಾರ ಗೋಪುರ ಅದು, ಸುತ್ತಲಿನ ಮಾರುಕಟ್ಟೆಗೂ ಅವರದೇ ಹೆಸರು. ಮೆಣಸಿನಕಾಯಿ, ಜೀರಿಗೆ, ಒಣಗಿದ ಕಾಯಿಗಳ ರಾಶಿ. ಇಲ್ಲಿಯ ಮಿರ್ಚಿ ವಡಾ ನಮ್ಮ ಮಿರ್ಚಿ ಭಜಿಯ ಅಣ್ಣ. ದಪ್ಪ ಮೆಣಸಿನಕಾಯಿ ಸೀಳಿ ಆಲೂಗಡ್ಡೆ ಪಲ್ಯ ತುಂಬಿ ಕರಿಯುತ್ತಾರೆ. ಮಂಡಕ್ಕಿ ಇರಲಿಲ್ಲ, ಅಷ್ಟೇ ಕೊರತೆ.

ರಾತ್ರಿ ಊಟಕ್ಕೆ ಸಜ್ಜೆ ರೊಟ್ಟಿ, ಮೇಲೆ ತುಪ್ಪ, ಜೊತೆಗೆ ಕೇರ್ ಸಾಂಗ್ರಿ ಅನ್ನುವ ಒಣಕಾಯಿಗಳ ಪಲ್ಯ. ಯಜಮಾನರು ರೊಟ್ಟಿ ಬಡಿಸುತ್ತಾ ಒಂದು ಕತೆ ಹೇಳಿದರು. 1544ರಲ್ಲಿ ಗಿರಿ-ಸುಮೇಲ್ ಬಯಲಿನಲ್ಲಿ ಶೇರ್ ಶಾ ಸೂರಿಗೂ ಮಾರವಾಡದ ದೊರೆ ರಾವ್ ಮಾಲದೇವನ ಸರದಾರರಿಗೂ ಯುದ್ಧ ಆಯಿತು. ಶೇರ್ ಶಾ ಗೆದ್ದ. ಆದರೆ ಎಷ್ಟು ಕಷ್ಟಪಟ್ಟನೆಂದರೆ, "ಒಂದು ಹಿಡಿ ಸಜ್ಜೆಗೋಸ್ಕರ ಹಿಂದೂಸ್ತಾನವನ್ನೇ ಕಳೆದುಕೊಳ್ಳುತ್ತಿದ್ದೆ" ಅಂದನಂತೆ. ಆ ಮಾತನ್ನು ಮಾರವಾಡದವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ನೆಲದಲ್ಲಿ ಸಜ್ಜೆ ಬಿಟ್ಟರೆ ಬೇರೇನು ಬೆಳೆದೀತು?

ನಾವು ಹಳೆ ಮೈಸೂರು ಸಂಸ್ಥಾನದ ಕಡೆಯವರು ಅಂತ ತಿಳಿದಾಗ ಯಜಮಾನರ ಮುಖ ಅರಳಿತು. "ಮೈಸೂರು! ಹೈಫಾ!" ಅಂದರು. ಅವರ ಮನೆತನದ ಹಿರಿಯರೊಬ್ಬರು ಈಟಿ ಹಿಡಿದ ಕುದುರೆ ಪಡೆಯಾದ ಜೋಧಪುರ ಲ್ಯಾನ್ಸರ್ಸ್‌ನಲ್ಲಿ ಇದ್ದರಂತೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಸೇರಿ ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದವು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಬಿದ್ದರು, ಜೋಧಪುರದವರು ಊರಿನೊಳಗೆ ಕುದುರೆ ನುಗ್ಗಿಸಿದರು. ಮೇಜರ್ ದಲಪತ್ ಸಿಂಗ್ ಅಲ್ಲೇ ಪ್ರಾಣ ಬಿಟ್ಟರು. ಮೆಷಿನ್‌ಗನ್ ಎದುರಿಗೆ ಈಟಿ ಹಿಡಿದು ಹೋದ ಜನ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿನವು. ಇಷ್ಟು ದೂರದ ಎರಡು ಊರಿನ ರಕ್ತ ಮೂರನೆಯ ಊರಿನ ಮಣ್ಣಿನಲ್ಲಿ ಬೆರೆತಿದೆ. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಡಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸಿತು.

ಎರಡನೇ ದಿನ

ಬಂದವರೆಲ್ಲ ನೇರ ಕೋಟೆಗೆ ಹೋಗುತ್ತಾರೆ. ನಾವು ಮೊದಲು ಕೋಟೆಯ ಪಕ್ಕದ ಬಂಡೆಗಾಡಿಗೆ ಹೋದೆವು. ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್, ಸಿಂಘೋರಿಯಾ ಪೋಲ್ ಅನ್ನುವ ಹಳೆ ಹೆಬ್ಬಾಗಿಲಿನಿಂದ ಒಳದಾರಿ. ಸುಮಾರು 70 ಹೆಕ್ಟೇರ್ ಜಾಗ. ಜೋಧಪುರಕ್ಕೆ ಹೋಗುವವರಿಗೆ ನನ್ನ ಒಂದೇ ಮಾತು: ಕೋಟೆಗಿಂತ ಮುಂಚೆ ಇದನ್ನು ನೋಡಿ. ಕೋಟೆ ಯಾಕೆ ಅಲ್ಲೇ ನಿಂತಿದೆ ಅನ್ನುವುದು ಇಲ್ಲಿ ತಿಳಿಯುತ್ತದೆ.

ಕಾಲಡಿಯ ಕಲ್ಲು ಕೆಂಪು ಮಿಶ್ರಿತ ಕಂದು. ರಯೋಲೈಟ್. ಸುಮಾರು 75 ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ಜ್ವಾಲಾಮುಖಿಗಳು ಉಗುಳಿದ ಬೂದಿ, ಲಾವಾ ಗಟ್ಟಿಯಾಗಿ ಆದದ್ದು. ಅದರ ಮೇಲೆ ಆಮೇಲೆ ಮರಳುಗಲ್ಲು ಕೂತಿತು. ಕೋಟೆ ನಿಂತಿರುವುದು ಜ್ವಾಲಾಮುಖಿಯ ಕಲ್ಲಿನ ಮೇಲೆ, ಕಟ್ಟಿರುವುದು ಮರಳುಗಲ್ಲಿನಿಂದ. ಒಂದು ಉಳಿಗೆ ಸುಲಭಕ್ಕೆ ಮಣಿಯುವುದಿಲ್ಲ, ಇನ್ನೊಂದು ಹೂವಿನಂತೆ ಕೆತ್ತಿಸಿಕೊಳ್ಳುತ್ತದೆ. ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಓದಿದಾಗ ನನಗೆ ನಮ್ಮ ಮರಡಿಹಳ್ಳಿ ನೆನಪಾಯಿತು. ಚಿತ್ರದುರ್ಗ ಜಿಲ್ಲೆಯ ಆ ಊರಲ್ಲಿ ಲಾವಾ ನೀರಿನಡಿ ಉಕ್ಕಿ ದಿಂಬು ಜೋಡಿಸಿಟ್ಟ ಹಾಗೆ ಗಟ್ಟಿಯಾಗಿದೆ. ಅದೂ ಇದೇ ಪಟ್ಟಿಯಲ್ಲಿದೆ. ಜೋಧಪುರದ ಕಲ್ಲಿಗಿಂತ ಎಷ್ಟೋ ಹಳೆಯದು.

ಈ ಜಾಗ ಒಂದು ಕಾಲಕ್ಕೆ ಪೂರ್ತಿ ಬಳ್ಳಾರಿ ಜಾಲಿಯ ಕಾಡಾಗಿತ್ತು. ಇಲ್ಲಿಯವರು ಅದನ್ನು ಬಾವಳಿಯಾ ಅನ್ನುತ್ತಾರೆ. 1930ರ ದಶಕದಲ್ಲಿ ಮಹಾರಾಜರು ಮರುಭೂಮಿ ಹಸಿರಾಗಲಿ ಅಂತ ವಿಮಾನದಿಂದ ಬೀಜ ಎರಚಿಸಿದರು ಎಂದು ಹೇಳುತ್ತಾರೆ. ಹಸಿರೇನೋ ಆಯಿತು, ಬೇರೆ ಗಿಡ ಒಂದೂ ಉಳಿಯಲಿಲ್ಲ. ನಮ್ಮ ಕೆರೆಯಂಗಳಗಳ ಗತಿಯೂ ಅದೇ ಅಲ್ವಾ? 2006ರಲ್ಲಿ ಇಲ್ಲಿ ಅದನ್ನು ಕೀಳಲು ಶುರು ಮಾಡಿದರು. ಕಡಿದರೆ ಮತ್ತೆ ಚಿಗುರುತ್ತದೆ. ಬೇರು ಬಂಡೆಯ ಬಿರುಕಿನೊಳಗೆ ಇಳಿದಿದೆ. ಕೊನೆಗೆ ನೆರವಿಗೆ ಬಂದವರು ಖಂಡವಾಲಿಯಾ ಎಂಬ ಕಲ್ಲು ಕೆಲಸದವರು. ಅವರು ಬಂಡೆಗೆ ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಒಳಗೆ ಎಲ್ಲಿ ಸಡಿಲ ಇದೆ ಅಂತ ಗುರುತಿಸಿ, ಅಲ್ಲಿಗೆ ಉಳಿ ಇಟ್ಟು ಒಂದೊಂದೇ ಬೇರನ್ನು ಎತ್ತಿದರು. "ನಮ್ಮ ಭೋವಿಗಳೂ ಹಿಂಗೇ ಕಣೋ. ಕಲ್ಲು ಮಾತಾಡುತ್ತೆ ಅಂತಾರೆ" ಅಂದರು ದೊಡ್ಡಪ್ಪ. ಜಾಲಿ ಕಿತ್ತ ಗುಳಿಗಳಲ್ಲೇ ಈ ನೆಲದ ಗಿಡಗಳನ್ನು ನೆಟ್ಟಿದ್ದಾರೆ. ಬೂದುಹಸಿರಿನ ಮುಳ್ಳುಕಳ್ಳಿ, ಕುಮಟಿಯಾ, ಕೇರ್. ನೀರು ಹಾಕುವವರಿಲ್ಲದೆ ಬದುಕುವ ಗಿಡಗಳು.

ಆಮೇಲೆ ಹಾಥಿ ನಹರ್‌ಗೆ ಇಳಿದೆವು. ಇದು ಕಾಲುವೆ. ಬಂಡೆಯನ್ನು ಕಡಿದು ಮಾಡಿದ ಓಣಿಯಂಥದು. ಮೇಲಿನ ಬಂಡೆಗಾಡಿನಲ್ಲಿ ಬಿದ್ದ ಮಳೆಯನ್ನು ಹಿಡಿದು ಕೋಟೆಯ ಬುಡದ ಕೆರೆಗಳ ಕಡೆಗೆ ಒಯ್ಯಲು ಮಾಡಿದ್ದು. ಎರಡೂ ಬದಿಯ ಗೋಡೆಯಲ್ಲಿ ಉಳಿಯ ಗುರುತುಗಳು ಸಾಲಾಗಿ ಇನ್ನೂ ಇವೆ. ದೊಡ್ಡಪ್ಪ ಕಾಲುವೆಯ ನಡುವೆ ನಿಂತು ಹಿಂದೆ ನೋಡಿದರು, ಮುಂದೆ ನೋಡಿದರು. ನೀರಿನ ಬಾಟಲಿ ತೆಗೆದು ಒಂದು ಗುಟುಕಿನಷ್ಟು ನೆಲಕ್ಕೆ ಚೆಲ್ಲಿದರು. ನೀರು ಒಂದು ಕ್ಷಣ ನಿಂತು, ಆಮೇಲೆ ತೆಳ್ಳಗೆ ಕೋಟೆಯ ಕಡೆಗೆ ಹರಿಯಿತು. "ನೋಡು" ಅಂದರು. "ಲೆವೆಲ್ ಮಷಿನ್ ಇಲ್ಲದ ಕಾಲ. ಈ ಕಲ್ಲಲ್ಲಿ, ಇಷ್ಟು ಸಣ್ಣ ಇಳಿಜಾರು." ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು. ಮೂವತ್ತು ವರ್ಷ ಅದೇ ಕೆಲಸ ಮಾಡಿದವರಿಗೆ ಆ ಒಂದು ಗುಟುಕು ನೀರು ಏನು ಹೇಳಿತೋ, ನನಗೆ ಅಷ್ಟು ಕೇಳಿಸುವುದಿಲ್ಲ.

ಮಧ್ಯಾಹ್ನ ಕೋಟೆ ಹತ್ತಿದೆವು. ಮೆಹರಾನ್‌ಗಢ. ಊರಿನಿಂದ ಸುಮಾರು 120 ಮೀಟರ್ ಎತ್ತರದ ಬಂಡೆ, ಅದರ ಮೇಲೆ ಕೆಲವು ಕಡೆ 36 ಮೀಟರ್ ಎತ್ತರಕ್ಕೆ ಏಳುವ ಗೋಡೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವುದೇ ಗೊತ್ತಾಗುವುದಿಲ್ಲ. ನಮ್ಮ ಏಳು ಸುತ್ತಿನ ಕೋಟೆ ಬಂಡೆಗಳ ನಡುವೆ ಬಳಸಿ ಬಳಸಿ ಹೋಗುತ್ತದೆ. ಇದು ಒಂದೇ ಬಂಡೆಯ ನೆತ್ತಿಯ ಮೇಲೆ ನೆಟ್ಟಗೆ ನಿಂತಿದೆ.

ಮಾರವಾಡ ಆಳಿದ ರಾಠೋಡರ ಹಳೆ ರಾಜಧಾನಿ ಇಲ್ಲಿಂದ ಸುಮಾರು 9 ಕಿಲೋಮೀಟರ್ ಉತ್ತರಕ್ಕಿರುವ ಮಂಡೋರ್. 1438ರಲ್ಲಿ ರಾವ್ ರಣಮಲ್ಲನ ಕೊಲೆ ಚಿತ್ತೋಡಿನಲ್ಲಿ ಆದ ಮೇಲೆ ಅದು ಮೇವಾಡದವರ ಪಾಲಾಯಿತು. ಮಗ ಜೋಧಾ ಹದಿನೈದು ವರ್ಷ ಅಲೆದು 1453ರಲ್ಲಿ ಮರಳಿ ಗೆದ್ದ. ಆಮೇಲೆ ಇನ್ನೂ ಗಟ್ಟಿಯಾದ ನೆಲೆ ಬೇಕೆಂದು ಈ ಬೆಟ್ಟ ಹುಡುಕಿದ. ಇದರ ಹೆಸರು ಭಾಕುರ್‌ಚಿಡಿಯಾ, ಅಂದರೆ ಹಕ್ಕಿಗಳ ಬೆಟ್ಟ. ಚಿಡಿಯಾನಾಥ ಎಂಬ ಸನ್ಯಾಸಿ ಮೇಲಿನ ಗವಿಯಲ್ಲಿ, ಝರಿಯ ಪಕ್ಕ ಇದ್ದರಂತೆ. ಅವರನ್ನು ಎಬ್ಬಿಸಿದಾಗ "ನಿನ್ನ ಕೋಟೆಗೆ ನೀರಿನ ಬರ ಬರಲಿ" ಅಂತ ಶಾಪ ಕೊಟ್ಟರಂತೆ. ಕತೆಯೇ ಇರಲಿ, ಈ ಊರಿನವರು ತಮ್ಮ ಊರಿನ ಹುಟ್ಟನ್ನೇ ನೀರಿನ ಶಾಪದಿಂದ ಶುರು ಮಾಡುತ್ತಾರೆ ಅನ್ನುವುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಶಾಪ ಕಳೆಯಲು ಒಬ್ಬ ಮನುಷ್ಯನ ಬಲಿ ಬೇಕಾಯಿತು ಅಂತ ಕತೆ ಮುಂದುವರಿಯುತ್ತದೆ. ರಾಜಾರಾಮ್ ಮೇಘವಾಲ್ ಎಂಬವನನ್ನು ಅಡಿಪಾಯದಲ್ಲಿ ಜೀವಂತ ಹೂತರು. ಅವನ ಮನೆಯವರಿಗೆ ಜಮೀನು ಕೊಟ್ಟರು. ಅವನ ಹೆಸರಿನ ಕಲ್ಲು ಕೋಟೆಯೊಳಗೆ ಇದೆ. ಕೆರೆಕಟ್ಟೆಗೆ ಸೊಸೆಯನ್ನು ಬಲಿ ಕೊಟ್ಟ ಕತೆ ಕೇಳಿ ಬೆಳೆದವರು ನಾವು. ಆ ಕಲ್ಲಿನ ಮುಂದೆ ಬಹಳ ಜನ ನಿಲ್ಲುವುದಿಲ್ಲ. ನಾವು ಚಪ್ಪಲಿ ಬಿಟ್ಟು ನಿಂತೆವು.

ಹೆಬ್ಬಾಗಿಲುಗಳಲ್ಲೇ ಅರ್ಧ ಇತಿಹಾಸ ಇದೆ. ಜೈ ಪೋಲ್, 1806ರಲ್ಲಿ ಮಹಾರಾಜ ಮಾನ್ ಸಿಂಗ್ ಜೈಪುರ, ಬಿಕಾನೇರ್ ಸೈನ್ಯಗಳನ್ನು ಹಿಮ್ಮೆಟ್ಟಿಸಿದ ನೆನಪಿಗೆ. ಫತೇ ಪೋಲ್, 1707ರಲ್ಲಿ ಅಜಿತ್ ಸಿಂಗ್ ಮೊಘಲರಿಂದ ಊರನ್ನು ಬಿಡಿಸಿಕೊಂಡ ನೆನಪಿಗೆ. ಈ ಅಜಿತ್ ಸಿಂಗ್ ಹುಟ್ಟುವ ಹೊತ್ತಿಗೆ ತಂದೆ ಜಸವಂತ್ ಸಿಂಗ್ ತೀರಿಕೊಂಡಾಗಿತ್ತು. ಔರಂಗಜೇಬ ಮಾರವಾಡವನ್ನು ಹಿಡಿದಿದ್ದ. ಕೂಸನ್ನು ದೆಹಲಿಯಿಂದ ಪಾರು ಮಾಡಿ, ಮೂವತ್ತು ವರ್ಷದ ಹತ್ತಿರ ಹೋರಾಡಿ, ಗದ್ದುಗೆಗೆ ತಂದವನು ದುರ್ಗಾದಾಸ್ ರಾಠೋಡ್. ಗದ್ದುಗೆ ತನಗೆ ಬೇಡ ಅಂದ ಅಂಥವರ ಹೆಸರನ್ನು ಈ ಊರು ಇವತ್ತಿಗೂ ಮರೆತಿಲ್ಲ.

ಕೊನೆಯ ಬಾಗಿಲು ಲೋಹಾ ಪೋಲ್. ಅದರ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಕೈಗುರುತುಗಳು, ಮೇಲೆ ಕುಂಕುಮ, ಬೆಳ್ಳಿ ರೇಕು. 1843ರಲ್ಲಿ ಮಾನ್ ಸಿಂಗ್ ಸತ್ತಾಗ ಚಿತೆ ಏರಿದ ರಾಣಿಯರವು. ಕೆಲವು ಕೈಗಳು ಎಷ್ಟು ಚಿಕ್ಕವು ಅಂದರೆ, ನಮ್ಮ ಮನೆಯ ಎಂಟನೇ ಕ್ಲಾಸಿನ ಹುಡುಗಿಯ ಕೈ ನೆನಪಾಯಿತು. ಜನ ಕೈ ಮುಗಿಯುತ್ತಿದ್ದರು. ನನಗೆ ಕೈ ಮುಗಿಯಲು ಆಗಲಿಲ್ಲ, ಅಳು ಬಂತು.

ಮೋತಿ ಮಹಲ್, ಫೂಲ್ ಮಹಲ್, ತಖತ್ ವಿಲಾಸ್ ಎಲ್ಲ ನೋಡಿದೆವು. ಚೆನ್ನಾಗಿವೆ. ಫೂಲ್ ಮಹಲಿನ ಚಿನ್ನದ ಮಾಳಿಗೆಯ ಕೆಳಗೆ ನಿಂತಾಗಲೂ ದೊಡ್ಡಪ್ಪನ ಮನಸ್ಸು ಹೊರಗೇ ಇತ್ತು. ಕೊತ್ತಲದ ಅಂಚಿಗೆ ಬಂದಾಗ ಕೆಳಗೆ ಹಸಿರು ನೀರು ಕಂಡಿತು.

ರಾಣಿಸರ. ಜೋಧಾನ ರಾಣಿ ಜಸ್ಮಾದೇ ಹಾಡಿ ಕಟ್ಟಿಸಿದ್ದು, ಕೋಟೆ ಶುರುವಾದ ವರ್ಷವೇ. ರಾಜ ಗೋಡೆ ಕಟ್ಟಿಸುತ್ತಿದ್ದಾಗ ರಾಣಿ ಕೆರೆ ಕಟ್ಟಿಸಿದಳು. ಅದು ಕೋಟೆಯವರ ನೀರು. ಅದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಪದಮಸರಕ್ಕೆ ಇಳಿಯುತ್ತದೆ. ಅದು ಊರವರ ನೀರು. "ನಮ್ಮ ದುರ್ಗದಲ್ಲೂ ಹಿಂಗೇ ಅಲ್ವಾ ದೊಡ್ಡಪ್ಪ, ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡ, ಆಮೇಲೆ ಕೆಳಗೆ ಸಂತೆ ಹೊಂಡ" ಅಂದೆ. "ಒಂದೇ ಲೆಕ್ಕ" ಅಂದರು. "ಬಂಡೆ ಮೇಲೆ ಊರು ಕಟ್ಟಿದವರಿಗೆಲ್ಲ ಒಂದೇ ಲೆಕ್ಕ. ಬಂಡೆ ನೀರು ಕುಡಿಯಲ್ಲ. ಬಿದ್ದಿದ್ದೆಲ್ಲ ಹರಿದು ಬರುತ್ತೆ. ಹಿಡಿಯೋರು ಬೇಕು ಅಷ್ಟೇ." ಕೊತ್ತಲದ ಮೇಲೆ ಕೂತು ಡೈರಿಯಲ್ಲಿ ಕಾಲುವೆ, ಎರಡು ಕೆರೆ, ಕೋಡಿಯ ಬಾಯಿ ಎಲ್ಲ ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಕೋಟೆ ಮುಚ್ಚುವ ಹೊತ್ತಾಗಿದೆ ಅಂತ ಕಾವಲಿನವರು ಬಂದು ಹೇಳುವ ತನಕ ಅಲ್ಲೇ ಇದ್ದೆವು.

ಮೂರನೇ ದಿನ

ಬೆಳಿಗ್ಗೆ ತೂರ್‌ಜೀ ಕಾ ಝಾಲರಾ. 1740ರ ದಶಕದಲ್ಲಿ ಮಹಾರಾಜ ಅಭಯ್ ಸಿಂಗರ ತಂವರ್ ಮನೆತನದ ರಾಣಿ ಕಟ್ಟಿಸಿದ ಮೆಟ್ಟಿಲು ಬಾವಿ. ಗುಲಾಬಿ ಬಣ್ಣದ ಮರಳುಗಲ್ಲು. ಒಂದಕ್ಕೊಂದು ಎದುರಾಗಿ ಇಳಿಯುವ ಮೆಟ್ಟಿಲ ಸಾಲು ನೋಡಿದರೆ ಕಲ್ಲಿಗೆ ಹೊಲಿಗೆ ಹಾಕಿದ ಹಾಗೆ ಕಾಣುತ್ತದೆ. ನೀರು ಎಷ್ಟೇ ಕೆಳಗೆ ಹೋದರೂ ಕೊಡ ಹಿಡಿದ ಹೆಂಗಸಿಗೆ ಒಂದು ಮೆಟ್ಟಿಲು ಸಿಗಬೇಕು, ಅದಕ್ಕೇ ಆ ಲೆಕ್ಕ. ದಶಕಗಳ ಕಾಲ ಇದು ಕೊಳೆತ ನೀರಿನಲ್ಲಿ ಮುಳುಗಿ, ಹೂಳು ತುಂಬಿ, ಊರಿನ ಕಸದ ಗುಂಡಿಯಾಗಿತ್ತು. ಈಚೆಗೆ ನೀರು ಖಾಲಿ ಮಾಡಿ, ಕಲ್ಲು ಉಜ್ಜಿ ಮತ್ತೆ ಬೆಳಕಿಗೆ ತಂದಿದ್ದಾರೆ. ಹುಡುಗರು ಮೇಲಿನ ಕಟ್ಟೆಯಿಂದ ದುಡುಂ ಅಂತ ಹಾರುತ್ತಿದ್ದರು.

ಅಲ್ಲಿಂದ ಗುಲಾಬ್ ಸಾಗರ ಹತ್ತಿರವೇ. ಮಹಾರಾಜ ವಿಜಯ್ ಸಿಂಗರ ಪಾಸ್ವಾನ್ ಆಗಿದ್ದ ಗುಲಾಬ್ ರಾಯ್ ಕಟ್ಟಿಸಿದ ಕೆರೆ. ಪಾಸ್ವಾನ್ ಅಂದರೆ ಮದುವೆಯಾದ ರಾಣಿಯಲ್ಲ, ಆದರೂ ಅರಮನೆಯಲ್ಲಿ ಸ್ಥಾನ ಇದ್ದವಳು. ಸರದಾರರ ಹಗೆಗೆ ಸಿಕ್ಕಿ ಕೊಲೆಯಾದಳು. ಅವಳನ್ನು ಕೊಂದವರು ಕಟ್ಟಿದ್ದು ಏನು ಉಳಿದಿದೆಯೋ, ಅವಳು ಕಟ್ಟಿಸಿದ ನೀರು ಊರಿನ ನಡುವೆ ಇನ್ನೂ ಇದೆ. ಜಸ್ಮಾದೇ, ತಂವರ್ ರಾಣಿ, ಗುಲಾಬ್ ರಾಯ್. ನಮ್ಮ ಸೂಳೆಕೆರೆಯ ಶಾಂತವ್ವ. ನೀರಿನ ಕಷ್ಟ ಹೊತ್ತವರಿಗೇ ಗೊತ್ತು.

ಹಾಗಾದರೆ ಈಗ? 1990ರ ದಶಕದ ಕೊನೆಯಲ್ಲಿ ಜೋಧಪುರಕ್ಕೆ ಹಿಮಾಲಯದ ನೀರು ಬಂತು. ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆ, ಅದರಿಂದ ಪಂಪ್ ಮಾಡಿ ಎತ್ತುವ ಏತ ಕಾಲುವೆ, ಆಮೇಲೆ ಕಾಯಲಾನಾ ಕೆರೆ, ಅಲ್ಲಿಂದ ನಲ್ಲಿ. ಜನ ಉಸಿರಾಡಿದರು. ಉಸಿರಾಡಲೇಬೇಕು, ಎಷ್ಟೋ ತಲೆಮಾರಿನ ಬಾಯಾರಿಕೆ ಅದು. ಆದರೆ ಬಾವಿ, ಮೆಟ್ಟಿಲು ಬಾವಿಗಳಿಂದ ನೀರು ಎತ್ತುವುದು ನಿಂತಿತು. ನೆಲದೊಳಗಿನ ನೀರು ಏರುತ್ತಾ ಬಂದು ಹಳೆ ಊರಿನ ಅಂಗಡಿಗಳ ನೆಲಮಾಳಿಗೆಗೆ ನುಗ್ಗಿತು. ಘಂಟಾಘರ್ ಹತ್ತಿರದ ಒಂದು ಬಟ್ಟೆ ಅಂಗಡಿಯವರು ನಮ್ಮನ್ನು ಕೆಳಗೆ ಕರೆದುಕೊಂಡು ಹೋಗಿ ತೋರಿಸಿದರು. ಮೂಲೆಯಲ್ಲಿ ಸಣ್ಣ ಪಂಪು ಗುಂಯ್ ಅನ್ನುತ್ತಿತ್ತು. ಮರುಭೂಮಿಯ ಊರಲ್ಲಿ ನೀರನ್ನು ಎತ್ತಿ ಮೋರಿಗೆ ಬಿಡುತ್ತಿದ್ದಾರೆ! ದೊಡ್ಡಪ್ಪ ಬಹಳ ಹೊತ್ತು ಆ ಪಂಪನ್ನೇ ನೋಡಿದರು. ನಮ್ಮ ಜಿಲ್ಲೆ ಭದ್ರಾ ಮೇಲ್ದಂಡೆ ಕಾಲುವೆಗೆ ಎಷ್ಟು ವರ್ಷದಿಂದ ಕಾಯುತ್ತಿದೆ ಅಂತ ನಮಗೆ ಗೊತ್ತು. ನೀರು ಬರಲಿ. ಬಂದ ಮೇಲೆ ಹೊಂಡಗಳನ್ನು ಮರೆಯದಿರಲಿ ಅಂತ ಅಲ್ಲೇ ಹರಕೆ ಹೊತ್ತ ಹಾಗೆ ಅಂದುಕೊಂಡೆ.

ಮಧ್ಯಾಹ್ನ ಜಸವಂತ್ ಥಡಾ. ಎರಡನೇ ಜಸವಂತ್ ಸಿಂಗ್ ನೆನಪಿಗೆ ಮಗ ಸರ್ದಾರ್ ಸಿಂಗ್ 1899ರಲ್ಲಿ ಕಟ್ಟಿಸಿದ್ದು. ಮಕ್ರಾನಾ ಅಮೃತಶಿಲೆ. ಕೆಲವು ಹಲಗೆ ಎಷ್ಟು ತೆಳುವೆಂದರೆ ಬಿಸಿಲು ಒಳಗಿನಿಂದ ಜೇನಿನ ಬಣ್ಣದಲ್ಲಿ ಕಾಣುತ್ತದೆ. 1899 ಅಂದರೆ ವಿಕ್ರಮ ಸಂವತ್ 1956. ಆ ವರ್ಷದ ಬರವನ್ನು ಮಾರವಾಡ ಈಗಲೂ ಛಪ್ಪನಿಯಾ ಅಕಾಲ್ ಅನ್ನುತ್ತದೆ, ಐವತ್ತಾರರ ಬರ. ದನ ಹೊಡೆದುಕೊಂಡು ಮಾಳವದ ಕಡೆ ಹೊರಟವರು ದಾರಿಯಲ್ಲೇ ಸತ್ತರು. ಆ ಎರಡನ್ನೂ ಒಟ್ಟಿಗೆ ನೆನೆದರೆ ಅಮೃತಶಿಲೆಯ ತಂಪು ಕಾಲಿಗೆ ಹಿತವಾಗುವುದಿಲ್ಲ.

ಉಮೈದ್ ಭವನ ಅರಮನೆ ಕೂಡ ಬರದ ಕೂಸೇ. 1920ರ ದಶಕದ ಬರಗಳಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ 1929ರಲ್ಲಿ ಉಮೈದ್ ಸಿಂಗ್ ಅಡಿಗಲ್ಲು ಹಾಕಿದರು. ಮುಗಿದದ್ದು 1943ರಲ್ಲಿ. 347 ಕೋಣೆ. ಮರಳುಗಲ್ಲಿನ ದಿಮ್ಮಿಗಳನ್ನು ಗಾರೆ ಇಲ್ಲದೆ ಒಂದಕ್ಕೊಂದು ಕಚ್ಚಿಸಿ ಕಟ್ಟಿದ್ದಾರೆ. ಈಗ ಒಂದು ಭಾಗ ಹೋಟೆಲ್, ಒಂದು ಭಾಗ ರಾಜಮನೆತನದವರ ಮನೆ, ಒಂದು ಭಾಗ ಮ್ಯೂಸಿಯಂ. "ಬರ ಕಾಮಗಾರಿ ಅಂದ್ರೆ ನಾವು ಕೆರೆ ಹೂಳು ಎತ್ತಿಸ್ತಿದ್ವಿ" ಅಂದರು ದೊಡ್ಡಪ್ಪ. ಅದೇ ಉಮೈದ್ ಸಿಂಗ್ ಕಾಲದಲ್ಲಿ ಉಮೈದ್ ಸಾಗರ ಅಣೆಕಟ್ಟೂ ಆಯಿತು ಅಂತ ನಾನು ಓದಿದ್ದನ್ನು ಹೇಳಿದೆ. "ಅದು ಸರಿ" ಅಂದರು, ಮತ್ತೇನೂ ಹೇಳಲಿಲ್ಲ. ಅರಮನೆ ಮುಗಿದು ನಾಲ್ಕೇ ವರ್ಷಕ್ಕೆ ಅರಸೊತ್ತಿಗೆಯ ಕಾಲ ಮುಗಿಯಿತು. ಮಗ ಹನವಂತ್ ಸಿಂಗ್ 1947ರ ಆಗಸ್ಟ್‌ನಲ್ಲಿ ಭಾರತಕ್ಕೆ ಸೇರಲು ಸಹಿ ಹಾಕಿದರು. 1949ರಲ್ಲಿ ಜೋಧಪುರ ರಾಜಸ್ಥಾನದೊಳಗೆ ಸೇರಿತು. ರಾಜಧಾನಿ ಜೈಪುರದ ಪಾಲಾಯಿತು, ಹೈಕೋರ್ಟ್ ಇಲ್ಲಿಗೆ ಬಂತು.

ವಾಪಸ್ ಬರುವಾಗ ಊರ ಗೋಡೆಯ ಬಾಗಿಲುಗಳ ಹೆಸರು ಓದುತ್ತಾ ಬಂದೆವು. ನಾಗೌರಿ, ಮೇಡ್ತಿ, ಸೋಜತಿ, ಜಾಲೋರಿ, ಸಿವಾಂಚಿ. ಯಾವ ಊರ ದಾರಿಯೋ ಆ ಊರ ಹೆಸರು. ಜಾಲೋರಿ ಗೇಟ್ ಎದುರು ನಿಂತಾಗ ರೈಲಿನ ಆ ಅಮ್ಮ ನೆನಪಾದರು. ಆ ಬಾಗಿಲಿನ ದಾರಿಯನ್ನೇ ಹಿಡಿದು ಹೋದರೆ ಅವರ ಊರು. ಅಲ್ಲಿಂದಾಚೆ ಅವರ ಜನ ಹುಬ್ಬಳ್ಳಿ ತನಕ ನಡೆದುಬಿಟ್ಟಿದ್ದಾರೆ.

ನಾಲ್ಕನೇ ದಿನ

ವಾಪಸ್ ಹೋಗುವ ರೈಲು ಮರುದಿನದ್ದು. ಇಡೀ ದಿನ ಕೈಯಲ್ಲಿತ್ತು. ಬೆಳಿಗ್ಗೆಯೇ ಖೇಜಡ್ಲಿಗೆ ಹೊರಟೆವು. ಊರಿನಿಂದ ಆಗ್ನೇಯಕ್ಕೆ 26 ಕಿಲೋಮೀಟರ್. ದಾರಿಯ ಹೊಲಗಳಲ್ಲಿ ಕೃಷ್ಣಮೃಗಗಳು ನಮ್ಮ ಕಡೆ ಕುರಿ ಮೇಯುವ ಹಾಗೆ ಮೇಯುತ್ತಿದ್ದವು. ಗಾಡಿ ನಿಲ್ಲಿಸಿದರೂ ಓಡಲಿಲ್ಲ. ಇದು ಬಿಷ್ಣೋಯಿಗಳ ನೆಲ. 15ನೇ ಶತಮಾನದಲ್ಲಿ ಜಾಂಭೋಜಿ ಹೇಳಿದ 29 ನಿಯಮಗಳನ್ನು ಪಾಲಿಸುವವರು. ಹಸಿ ಮರ ಕಡಿಯಬಾರದು, ಪ್ರಾಣಿ ಕೊಲ್ಲಬಾರದು. ಕಟ್ಟಿಗೆ ಉಳಿಯಲಿ ಅಂತ ಸತ್ತವರನ್ನು ಸುಡದೆ ಹೂಳುತ್ತಾರೆ.

1730ರಲ್ಲಿ ಅಭಯ್ ಸಿಂಗರ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಕಟ್ಟಿಗೆ ಬೇಕಾಯಿತು. ಕೊಡಲಿಯವರು ಈ ಊರಿಗೆ ಬಂದರು. ಅಮೃತಾ ದೇವಿ ಎಂಬ ಹೆಣ್ಣುಮಗಳು ಮರವನ್ನು ತಬ್ಬಿ ನಿಂತಳು. ತಲೆ ಹೋದರೂ ಮರ ಉಳಿದರೆ ಅಗ್ಗವೇ ಅಂದಳು. ಅವಳ ತಲೆ ಹೋಯಿತು. ಆಮೇಲೆ ಅವಳ ಮೂವರು ಹೆಣ್ಣುಮಕ್ಕಳದು. ಸುತ್ತಲ ಹಳ್ಳಿಗಳಿಂದ ಜನ ಬಂದರು, ಒಬ್ಬೊಬ್ಬರು ಒಂದೊಂದು ಮರ ತಬ್ಬಿದರು. 363 ಜನ ಸತ್ತರು. ಆಮೇಲೆ ಮಹಾರಾಜರು ಕಡಿಯುವುದನ್ನು ನಿಲ್ಲಿಸಿ, ಬಿಷ್ಣೋಯಿ ಊರುಗಳಲ್ಲಿ ಮರ ಮುಟ್ಟಬಾರದೆಂದು ಅಪ್ಪಣೆ ಕೊಟ್ಟರು. ಮೊನ್ನೆ ನಾವು ಕತ್ತೆತ್ತಿ ನೋಡಿದ ಫೂಲ್ ಮಹಲ್ ಕೂಡ ಈ ಅಭಯ್ ಸಿಂಗರದೇ.

ಊರಿಗೆ ಹೆಸರು ಕೊಟ್ಟ ಆ ಮರ ಖೇಜಡಿ. ಮೊದಲ ರಾತ್ರಿ ತಿಂದ ಸಾಂಗ್ರಿ ಇದರ ಕಾಯಿ. ಎಲೆ ಒಂಟೆ, ಮೇಕೆಗೆ ಮೇವು. ಕೆಳಗೆ ಸಜ್ಜೆ ಚೆನ್ನಾಗಿ ಬೆಳೆಯುತ್ತದೆ. ಸ್ಮಾರಕದ ಸುತ್ತ ಅಂಥ ಮರಗಳ ತೋಪೇ ಇದೆ. ಹತ್ತಿರ ಹೋಗಿ ಎಲೆ ನೋಡಿದೆ. ಸಣ್ಣ ಸಣ್ಣ ಎಸಳು, ತೆಳ್ಳಗಿನ ಮುಳ್ಳು, ಒರಟು ತೊಗಟೆ. ನೋಡಿದ್ದೇನೆ ಅನ್ನಿಸಿತು. ದೊಡ್ಡಪ್ಪ ಆಗಲೇ ತೊಗಟೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು.

"ಇದು ಬನ್ನಿ ಕಣೋ."

ಹೌದು, ಬನ್ನಿ. ನಮ್ಮ ವಿಜಯದಶಮಿಯ ಬನ್ನಿ. ಊರ ಹೊರಗೆ ಒಂದೋ ಎರಡೋ ಉಳಿದು, ವರ್ಷಕ್ಕೊಂದು ದಿನ ಪೂಜೆ ಮಾಡಿಸಿಕೊಳ್ಳುವ ಮರ. ಇಲ್ಲಿ ಹೊಲ ಹೊಲದಲ್ಲೂ ನಿಂತಿದೆ.

ಸ್ಮಾರಕ ನೋಡಿಕೊಳ್ಳುವ ಮುದುಕರೊಬ್ಬರು ಬಿಳಿ ಪೇಟ ಸುತ್ತಿಕೊಂಡು ನೆರಳಲ್ಲಿ ಕೂತಿದ್ದರು. ನಮ್ಮ ಕಡೆ ದಸರೆಯಲ್ಲಿ ಈ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುತ್ತೇವೆ ಅಂತ ನಾನು ಹಿಂದಿಯಲ್ಲಿ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಆದರೆ ಒಂದೇ ಒಂದು ಪ್ರಶ್ನೆ ಕೇಳಿದರು. "ಕಿತ್ತು ಕೊಡ್ತೀರಾ, ಬಿದ್ದದ್ದು ಕೊಡ್ತೀರಾ?"

ಉತ್ತರ ಹೇಳಲು ತಡವರಿಸಿದೆ. ದೊಡ್ಡಪ್ಪನಿಗೆ ಹಿಂದಿ ಅಷ್ಟು ಬರುವುದಿಲ್ಲ, ಆದರೆ ಅರ್ಥವಾಗಿತ್ತು. ಬಗ್ಗಿ, ನೆಲದಲ್ಲಿ ಹುಡುಕಿ, ಗಾಳಿಗೆ ಬಿದ್ದ ಒಂದು ಸಣ್ಣ ಕಡ್ಡಿಯನ್ನು ಎಲೆ ಸಮೇತ ಎತ್ತಿಕೊಂಡರು. ಎರಡು ಎಸಳು ಮುರಿದು ಮುದುಕರ ಕೈಗೆ ಕೊಟ್ಟು ಕೈ ಮುಗಿದರು. "ಬನ್ನಿ ತಗೊಂಡು ಬಂಗಾರದಂಗೆ ಇರೋಣ" ಅಂತ ಕನ್ನಡದಲ್ಲೇ ಹೇಳಿದರು. ದಸರೆ ಮುಗಿದು ತಿಂಗಳ ಮೇಲಾಗಿತ್ತು. ಮುದುಕರು ಆ ಎಲೆಗಳನ್ನು ಕಣ್ಣಿಗೊತ್ತಿಕೊಂಡು ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು.

ಉಳಿದ ಕಡ್ಡಿಯನ್ನು ದೊಡ್ಡಪ್ಪ ಡೈರಿಯಲ್ಲಿ ಇಟ್ಟರು. ರಾಣಿಸರದ ಕೋಡಿ ಬರೆದ ಪುಟದಲ್ಲಿ.